ನಾಟಿ ಗಟ್ಟಿಯೋ ಗಿರಿರಾಜ ಗಟ್ಟಿಯೋ: ಹಿತ್ತಲಲ್ಲೇ ಲೆಕ್ಕ ಹಾಕುವ ಬಗೆ

ನಾಲ್ಕು ವರ್ಷದ ಹಿಂದೆ ಮುಂಗಾರಿಗೆ ಸ್ವಲ್ಪ ಮುಂಚೆ ಇಪ್ಪತ್ತು ಗಿರಿರಾಜ ಕೋಳಿ ಮರಿ ತಂದಿದ್ದೆವು, ಅಭಿವೃದ್ಧಿ ಮಾಡಿದ ಬೆರಕೆ ತಳಿ ಅದು. ನಮ್ಮದು ಆಲೂರು ತಾಲ್ಲೂಕು, ಸಕಲೇಶಪುರದ ಕಡೆಗೆ. ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಆರಿದ್ರ ಮಳೆ ಮುಗಿಯುವ ಹೊತ್ತಿಗೆ ಏಳು ಮರಿ ಉಳಿದಿದ್ದವು. ನಮ್ಮತ್ತೆಗೆ ಅಷ್ಟೇ ಸಾಕಾಯಿತು. "ನಾನ್ ಆವತ್ತೇ ಹೇಳ್ಲಿಲ್ವಾ, ಆ ಫಾರಂ ತಳಿ ನಮ್ ಮಳೆಗೆ ತಡೆಯಕಿಲ್ಲ ಅಂತ. ನಾಟಿ ನೋಡು, ಹೆಂಗವೆ" ಎಂದು ಅಂಗಳದಲ್ಲಿ ಕೆದಕುತ್ತಿದ್ದ ಮರಿಗಳನ್ನು ತೋರಿಸಿದರು. ನೋಡಿದೆ. ನಾಲ್ಕು ಮರಿ, ಗುಂಡಗೆ, ಚುರುಕಾಗಿ ಇದ್ದವು. ಆಮೇಲೆ ಸುಮ್ನೆ ಕೇಳಿದೆ, ಅತ್ತೆ, ಆ ಹ್ಯಾಟೆ ಎಷ್ಟು ಮರಿ ಮಾಡಿತ್ತು?

ಹನ್ನೊಂದು.

ಹನ್ನೊಂದರಲ್ಲಿ ನಾಲ್ಕು ಉಳಿದಿವೆ, ಇಪ್ಪತ್ತರಲ್ಲಿ ಏಳು ಉಳಿದಿವೆ. ಎರಡೂ ಹೆಚ್ಚುಕಡಿಮೆ ಮೂರರಲ್ಲಿ ಒಂದು! ಸತ್ತ ಗಿರಿರಾಜಕ್ಕೆ ದುಡ್ಡು ಕೊಟ್ಟಿದ್ದೆವು, ಹಾಗಾಗಿ ಒಂದೊಂದು ಸಾವೂ ಎಲ್ಲರಿಗೂ ನೆನಪಿತ್ತು. ಹದ್ದು ಹೊತ್ತುಕೊಂಡು ಹೋದ ನಾಟಿ ಮರಿಗೆ, ತಿಪ್ಪೆ ಮೂಲೆಯಲ್ಲಿ ತೂಕಡಿಸಿ ಸತ್ತ ಮರಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ಲೆಕ್ಕಕ್ಕೇ ಬರಲಿಲ್ಲ.

ನಾಟಿ ಕೋಳಿ ಗಟ್ಟಿ ಎನ್ನುವ ಮಾತಿನ ಅರ್ಧ ಬಲ ಇಲ್ಲೇ ಇದೆ. ದೊಡ್ಡದಾಗಿ ಕಣ್ಣಿಗೆ ಬೀಳುವ ನಾಟಿ ಕೋಳಿ ಎಂದರೆ ಉಳಿದು ಬಂದ ಕೋಳಿ. ಉಳಿಯದ್ದನ್ನು ಯಾರೂ ನೋಡಿರುವುದಿಲ್ಲ. ಹಾಗಂತ ಮಾತು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೆ ಮುಂದೆ ಬರುತ್ತೇನೆ. ನಿಮ್ಮ ಮನೆಗೆ ಯಾವುದು ಹೊಂದುತ್ತೆ ಎಂದು ತಿಳಿಯಬೇಕಾದರೆ ಊರಿನವರ ಮಾತೂ ಬೇಡ, ನನ್ನ ಮಾತೂ ಬೇಡ, ಒಂದು ನೋಟ್‌ಬುಕ್ಕು, ಒಂದು ತಕ್ಕಡಿ ಮತ್ತು ಒಂದು ವರ್ಷದ ತಾಳ್ಮೆ ಸಾಕು.

ಮೊದಲು ಅಂಗಳದಲ್ಲಿರುವುದು ಯಾವ ಕೋಳಿ ಅಂತ ಗೊತ್ತಿರಲಿ

ನಾಟಿ ಎಂದರೆ ಶುದ್ಧ ತಳಿ ಅಂದುಕೊಳ್ಳುವವರೇ ಜಾಸ್ತಿ. ಅಲ್ಲ. ನಾಟಿ ಎನ್ನುವುದು ಒಂದು ತಳಿಯ ಹೆಸರೇ ಅಲ್ಲ, ಊರಲ್ಲಿ ಹುಟ್ಟಿ ಊರಲ್ಲೇ ಬೆಳೆದ ನೂರು ಬಗೆಯ ಬೆರಕೆ ಅದು. ಒಂದೇ ಹ್ಯಾಟೆಯ ಕೆಳಗೆ ಕೆಂಪು, ಕಪ್ಪು, ಚುಕ್ಕೆ, ಕತ್ತು ಬೋಳು ಎಲ್ಲ ಮರಿಗಳೂ ಬರುವುದು ಅದಕ್ಕೇ. ಶುದ್ಧ ತಳಿ ಎಂದರೆ ಅಸೀಲ್, ಮಧ್ಯಪ್ರದೇಶದ ಝಾಬುವಾ ಕಡೆಯ ಕಡಕ್‌ನಾಥ್, ಕೇರಳದ ತಲಶ್ಶೇರಿ, ಆಂಧ್ರ ಕರ್ನಾಟಕದ ಘಾಗಸ್, ಇಂಥವು. ಹುಟ್ಟುವ ಮರಿ ಅಪ್ಪ ಅಮ್ಮನ ಹಾಗೇ ಇರುತ್ತೆ.

ಇನ್ನು ಅಭಿವೃದ್ಧಿ ಮಾಡಿದ ಬೆರಕೆ ತಳಿಗಳು. ಗಿರಿರಾಜವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಬಿಡುಗಡೆ ಮಾಡಿತು. ಸ್ವರ್ಣಧಾರ ಬಂದಿದ್ದು 2005ರಲ್ಲಿ, ಪಶುವೈದ್ಯಕೀಯ ವಿಶ್ವವಿದ್ಯಾಲಯದಿಂದ. ವನರಾಜ, ಗ್ರಾಮಪ್ರಿಯ ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದವು. ಊರಿನ ನಾಟಿ ಹ್ಯಾಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಗಿರಿರಾಜ 130ರಿಂದ 150, ಸ್ವರ್ಣಧಾರ 180ರ ಮೇಲೆ ಇಡುತ್ತೆ, ಮೇವು ಸರಿಯಾಗಿ ಕೊಟ್ಟರೆ.

ಮೂರನೆಯದು ಮನೆ ಬೆರಕೆ. ಗಿರಿರಾಜ ಹುಂಜ, ನಾಟಿ ಹ್ಯಾಟೆ. ನಮ್ಮ ಕಡೆ ಈಗ ನಾಟಿ ಎಂದು ಮಾರುವುದರಲ್ಲಿ ಎಷ್ಟೋ ಕೋಳಿಗಳು ಇವೇ. ಕಾಲು ದಪ್ಪ, ಮೈ ಭಾರ, ಹಾರುವುದು ಕಡಿಮೆ ಇದ್ದರೆ ಅಜ್ಜನ ಕಡೆ ಎಲ್ಲೋ ಒಂದು ಗಿರಿರಾಜ ಇದೆ ಎಂದು ತಿಳಿಯಿರಿ.

ಮೊಪೆಡ್ ಹಿಂದೆ ಬುಟ್ಟಿ ಕಟ್ಟಿಕೊಂಡು ಬಣ್ಣ ಹಚ್ಚಿದ ಮರಿ ಮಾರುತ್ತಾರಲ್ಲ, ಅವನ್ನು ಈ ಹೋಲಿಕೆಗೆ ತರಲೇಬೇಡಿ. ಮೊಟ್ಟೆ ಕೋಳಿ ಫಾರಂನಲ್ಲಿ ಬೇಡವಾದ ಹುಂಜ ಮರಿಗಳೇ ಹೆಚ್ಚು ಅದರಲ್ಲಿ, ಲಸಿಕೆ ಆಗಿದೆಯೋ ಇಲ್ಲವೋ ಮಾರುವವರಿಗೇ ಗೊತ್ತಿರುವುದಿಲ್ಲ.

ಒಂದೇ ದಿನ, ಒಂದೇ ತಾಯಿ

ಹೋಲಿಕೆ ಕೆಡುವುದು ಇಲ್ಲೇ. ಗಿರಿರಾಜ ಮರಿ ಬಲ್ಬಿನ ಕೆಳಗೆ ರಟ್ಟಿನ ಡಬ್ಬದಲ್ಲಿ, ನಾಟಿ ಮರಿ ತಾಯಿಯ ರೆಕ್ಕೆಯ ಕೆಳಗೆ. ಒಂದಕ್ಕೆ ಕರೆಂಟು ಹೋದರೆ ಚಳಿ, ಇನ್ನೊಂದಕ್ಕೆ ಚಳಿ ಅಂದರೇನು ಅಂತಲೇ ಗೊತ್ತಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಎಷ್ಟು ಹೊತ್ತು ಇರುತ್ತೆ ಅಂತ ನಿಮಗೇ ಗೊತ್ತು. ಆ ಇಪ್ಪತ್ತರಲ್ಲಿ ಹದಿಮೂರು ಸತ್ತಿದ್ದು ತಳಿಯಿಂದಲೋ ಕರೆಂಟಿನಿಂದಲೋ ಎಂದು ಕೇಳಿದರೆ ನಾನು ಕರೆಂಟು ಎಂದೇ ಹೇಳುವುದು.

ಹಾಗಾಗಿ ಎರಡನ್ನೂ ಒಂದೇ ಹ್ಯಾಟೆಯ ಕೆಳಗೆ ಬೆಳೆಸಿ. ಮಾಡುವುದು ಹೀಗೆ. ಮೊದಲು ಗಿರಿರಾಜ ಮರಿ ಬುಕ್ ಮಾಡಿ, ಯಾವ ದಿನ ಸಿಗುತ್ತೆ ಎಂದು ಕೇಳಿಕೊಳ್ಳಿ. ಆ ದಿನದಿಂದ ಇಪ್ಪತ್ತೊಂದು ದಿನ ಹಿಂದಕ್ಕೆ ಎಣಿಸಿ ನಾಟಿ ಹ್ಯಾಟೆಯನ್ನು ಕಾವಿಗೆ ಕೂರಿಸಿ. ಎರಡು ಹ್ಯಾಟೆ ಒಟ್ಟಿಗೆ ಕಾವಿಗೆ ಬಂದಿದ್ದರೆ ಇನ್ನೂ ಒಳ್ಳೆಯದು, ಎರಡನ್ನೂ ಕೂರಿಸಿ. ಒಂದೊಂದರ ಕೆಳಗೂ ಎಂಟು ಒಂಬತ್ತು ಮೊಟ್ಟೆ ಸಾಕು, ಆರು ಏಳು ಮರಿ ಆದರೆ ನಮಗೆ ಬೇಕಾದಷ್ಟಾಯಿತು.

ಗಿರಿರಾಜ ಮರಿ ಬಂದ ದಿನ ರಾತ್ರಿಯ ತನಕ ಕಾಯಿರಿ. ಹಗಲಲ್ಲಿ ಬಿಟ್ಟರೆ ಹ್ಯಾಟೆ ಕುಟುಕಿ ಅಟ್ಟುತ್ತೆ. ಕತ್ತಲಾದ ಮೇಲೆ, ಟಾರ್ಚ್ ಹಾಕದೆ, ಒಂದೊಂದೇ ಮರಿಯನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು ಹ್ಯಾಟೆಯ ಹಿಂದಿನಿಂದ ಹೊಟ್ಟೆಯ ಕೆಳಗೆ ತಳ್ಳಬೇಕು. ಹ್ಯಾಟೆ ಒಮ್ಮೆ ಗುರ್ ಎನ್ನುತ್ತೆ. ಕೈ ಅಲ್ಲಾಡಿಸದೆ ಹಾಗೇ ಇಟ್ಟಿರಿ. ಮರಿ ಒಳಗೆ ಸೇರಿಕೊಂಡು ಕಿಚಕಿಚ ನಿಲ್ಲಿಸಿದರೆ, ಹ್ಯಾಟೆ ರೆಕ್ಕೆ ಸ್ವಲ್ಪ ಅಗಲ ಮಾಡಿ ಮತ್ತೆ ಕೂತರೆ, ಒಪ್ಪಿಕೊಂಡಿತು ಅಂತ. ಆರು ನಾಟಿ, ಆರು ಗಿರಿರಾಜ, ಅಷ್ಟೇ. ಮಳೆಗಾಲದಲ್ಲಿ ಹನ್ನೆರಡಕ್ಕಿಂತ ಜಾಸ್ತಿ ಒಂದು ಹ್ಯಾಟೆಗೆ ಹೊರೆ. ಬೆಳಿಗ್ಗೆ ಬೇಗ ಎದ್ದು ನೋಡಿ, ಬಣ್ಣ ನೋಡಿ ಕುಟುಕುವ ಹ್ಯಾಟೆಯೂ ಇರುತ್ತೆ. ಹಾಗೆ ಮಾಡಿದರೆ ಆ ಮರಿಗಳನ್ನು ಬೇರೆ ಮಾಡಲೇಬೇಕು.

ಇಷ್ಟು ಮಾಡಿದರೂ ಒಂದೆರಡು ವ್ಯತ್ಯಾಸ ಉಳಿದೇ ಉಳಿಯುತ್ತೆ. ಹ್ಯಾಚರಿ ಮರಿಗೆ ಸಾಮಾನ್ಯವಾಗಿ ಮೊದಲ ದಿನವೇ ಮ್ಯಾರೆಕ್ಸ್ ಎಂಬ ಕಾಲು ಸೋಲಿಸುವ ರೋಗದ ಲಸಿಕೆ ಆಗಿರುತ್ತೆ, ಮನೆಯಲ್ಲಿ ಒಡೆದ ಮರಿಗೆ ಆಗಿರುವುದಿಲ್ಲ. ಆ ಲಸಿಕೆ ನಮ್ಮಂಥವರಿಗೆ ಸಿಗುವುದೂ ಕಷ್ಟ, ದೊಡ್ಡ ಸೀಸೆಯಲ್ಲೇ ಬರುತ್ತೆ. ಇನ್ನೊಂದು, ತಾಯಿಗೆ ಲಸಿಕೆ ಆಗಿದ್ದರೆ ಮೊಟ್ಟೆಯ ಮೂಲಕ ಮರಿಗೂ ಒಂದೆರಡು ವಾರದ ರಕ್ಷಣೆ ಸಿಗುತ್ತೆ. ಎರಡನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ, ಕೊನೆಗೆ ತೀರ್ಮಾನ ಮಾಡುವಾಗ ಮರೆತುಹೋಗುತ್ತೆ.

ಗುರುತು ಮತ್ತು ಪುಸ್ತಕ

ಮರಿ ಇರುವಾಗ ಬಣ್ಣದ ಉಲ್ಲನ್ ದಾರ ಕಾಲಿಗೆ ಸಡಿಲವಾಗಿ ಕಟ್ಟಿ, ವಾರಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಿ. ಮರೆತರೆ ಕಾಲು ಬೆಳೆದು ದಾರ ಚರ್ಮಕ್ಕೆ ಇಳಿಯುತ್ತೆ, ನಾನೇ ಒಂದು ಮರಿಯ ಕಾಲು ಹಾಗೆ ಕೆಡಿಸಿದ್ದೇನೆ. ಎರಡು ತಿಂಗಳಾದ ಮೇಲೆ ಪ್ಲಾಸ್ಟಿಕ್ ಉಂಗುರ ಹಾಕಿದರಾಯಿತು.

ಪುಸ್ತಕದಲ್ಲಿ ದೊಡ್ಡ ವಿಜ್ಞಾನ ಏನೂ ಬೇಡ. ಕೋಳಿಯ ನಂಬರು, ತೂಕ, ಏನಾದರೂ ಕಾಯಿಲೆ ಕಂಡಿದ್ದು, ಎಷ್ಟು ದಿನಕ್ಕೆ ಸುಧಾರಿಸಿತು, ಸತ್ತರೆ ಯಾಕೆ ಸತ್ತಿತು. ಈ ಕೊನೆಯದು ಮುಖ್ಯ. ಹದ್ದು, ಮುಂಗುಸಿ, ಕಾಡುಬೆಕ್ಕು, ನಾಯಿ ಹಿಡಿದಿದ್ದನ್ನು ಒಂದು ಕಡೆ, ರೋಗದಿಂದ ಹೋಗಿದ್ದನ್ನು ಇನ್ನೊಂದು ಕಡೆ ಬರೆಯಿರಿ. ಹದ್ದಿಗೆ ಸಿಕ್ಕಿದ ಮರಿ ರೋಗಿಷ್ಟ ಅಂತ ಅರ್ಥ ಅಲ್ಲ, ನಿಧಾನ ಅಂತ ಅರ್ಥ. ಇಲ್ಲಿ ನಾಟಿ ಗೆಲ್ಲುವುದು ನಿಜ. ತಾಯಿ ಕೊರ್ ಎಂದು ಕೂಗಿದ ಕೂಡಲೇ ನಾಟಿ ಮರಿ ಕಾಫಿ ಗಿಡದ ಬುಡ ಸೇರಿರುತ್ತೆ, ಗಿರಿರಾಜ ಮರಿ ತಲೆ ಎತ್ತಿ ಏನಾಯಿತು ಎಂದು ನೋಡುತ್ತಾ ನಿಂತಿರುತ್ತೆ.

ಲಸಿಕೆ ಎರಡಕ್ಕೂ, ಒಂದೇ ದಿನ

ನಾಟಿಗೆ ಯಾಕೆ ಸೂಜಿ ಎಂದು ಕೇಳುವವರು ಒಂದು ಸಲ ಕೊಕ್ಕರೆ ರೋಗ ಬಂದ ಊರಿಗೆ ಹೋಗಿ ಬರಲಿ. ರಾಣಿಖೇತ್ ರೋಗ ಎನ್ನುತ್ತಾರಲ್ಲ ಅದೇ, ಈಗಿನ ಉತ್ತರಾಖಂಡದಲ್ಲಿರುವ ಊರಿನ ಹೆಸರು ಅದು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು. ಲಸಿಕೆ ಇಲ್ಲದ ಕೋಳಿ ನಾಟಿಯಾದರೂ ಒಂದೇ, ಗಿರಿರಾಜವಾದರೂ ಒಂದೇ, ವಾರದೊಳಗೆ ಗೂಡು ಖಾಲಿ. ನಮ್ಮ ಕಡೆ ಇದು ಬೇಸಿಗೆಯಲ್ಲಿ ಮಾರಿ ಹಬ್ಬದ ಆಸುಪಾಸಿನಲ್ಲೇ ಜಾಸ್ತಿ ಬರುವುದು. ಹಬ್ಬಕ್ಕೆ ಎಂದು ಸಂತೆಯಿಂದ ಹುಂಜ ತರುತ್ತೇವೆ, ಎರಡು ದಿನ ನಮ್ಮ ಕೋಳಿಗಳ ಜೊತೆ ಕಟ್ಟಿಹಾಕುತ್ತೇವೆ, ಅದು ಸಾರಾಗುವ ಮೊದಲೇ ರೋಗ ಹಂಚಿರುತ್ತೆ.

ಹಿತ್ತಲಿನ ಕೋಳಿಗೆ ಸಾಮಾನ್ಯವಾಗಿ ಪಾಲಿಸುವ ಕ್ರಮ ಇದು. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆ ಲಸೋಟ ಅಥವಾ ಎಫ್ ಒನ್, ಕಣ್ಣಿಗೋ ಮೂಗಿಗೋ ಒಂದು ಹನಿ. ಹದಿನಾಲ್ಕನೇ ದಿನದ ಹೊತ್ತಿಗೆ ಗುಂಬೋರೊ ಎಂಬ ಮರಿಗಳ ರೋಗದ ಲಸಿಕೆ. ಇಪ್ಪತ್ತೆಂಟನೇ ದಿನದ ಹೊತ್ತಿಗೆ ಮತ್ತೆ ಲಸೋಟ. ಆರನೇ ವಾರದಲ್ಲಿ ಸಿಡುಬಿನ ಲಸಿಕೆ, ಸೊಳ್ಳೆ ಇರುವ ಮಲೆನಾಡಿನಲ್ಲಿ ಇದನ್ನು ಬಿಡಬೇಡಿ. ಏಳನೇ ವಾರ ಜಂತುಹುಳದ ಔಷಧಿ, ಎಂಟನೇ ವಾರ ಕೊಕ್ಕರೆ ರೋಗದ ಆರ್ ಟು ಬಿ, ಇದು ಚರ್ಮದ ಕೆಳಗೆ ಅರ್ಧ ಎಂಎಲ್. ಮೊದಲು ಲಸೋಟ ಆಗಿರದ ಎಳೆ ಮರಿಗೆ ಆರ್ ಟು ಬಿ ಹಾಕಬಾರದು, ಲಸಿಕೆಯೇ ರೋಗ ತರುತ್ತೆ. ನಿಮ್ಮ ಪಶು ಆಸ್ಪತ್ರೆಯ ಡಾಕ್ಟರು ದಿನ ಸ್ವಲ್ಪ ಹಿಂದೆಮುಂದೆ ಹೇಳಿದರೆ ಅವರ ಮಾತೇ ಸರಿ, ಅವರಿಗೆ ಊರಿನ ರೋಗ ಗೊತ್ತಿರುತ್ತೆ.

ಕಷ್ಟ ಏನೆಂದರೆ ಒಂದು ಸೀಸೆ ನೂರು, ಇನ್ನೂರು ಕೋಳಿಗೆ ಆಗುವಷ್ಟು ಇರುತ್ತೆ, ನಮ್ಮದು ಇಪ್ಪತ್ನಾಲ್ಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಫ್ರಿಜ್ಜಲ್ಲಿ ಇಟ್ಟು ನಾಳೆ ಹಾಕಿದರೆ ನೀರು ಹಾಕಿದ ಹಾಗೆ. ಬೀದಿಯ ನಾಲ್ಕೈದು ಮನೆಯವರು ಸೇರಿ ಒಂದೇ ಬೆಳಿಗ್ಗೆ ಹಾಕಿಸಿಕೊಳ್ಳಿ. ಫ್ಲಾಸ್ಕಿನಲ್ಲಿ ಐಸ್ ಹಾಕಿ ತನ್ನಿ. ಲಸಿಕೆಯ ಸೀಸೆಯನ್ನು ಅಂಗಿ ಜೇಬಲ್ಲಿ ಇಟ್ಟುಕೊಂಡು ಬೈಕಲ್ಲಿ ಬಂದವರನ್ನು ನಾನು ನೋಡಿದ್ದೇನೆ, ಆಮೇಲೆ ಲಸಿಕೆ ಕೆಲಸ ಮಾಡಲ್ಲ ಎಂದು ಬೈದಿದ್ದನ್ನೂ ಕೇಳಿದ್ದೇನೆ. ನೀರಲ್ಲಿ ಕೊಡುವುದಾದರೆ ನಲ್ಲಿಯ ಕ್ಲೋರಿನ್ ನೀರು ಬೇಡ, ಬಾವಿ ನೀರು ತಗೊಂಡು ಲೀಟರಿಗೆ ಐದು ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಕೋಳಿಗಳನ್ನು ಒಂದೆರಡು ಗಂಟೆ ಬಾಯಾರಿಸಿ ಇಡಿ.

ಬೆಳಿಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ

ಗೂಡಿನ ಬಾಗಿಲು ತೆಗೆದ ಕೂಡಲೇ ಮೇವು ಹಾಕಬೇಡಿ. ಯಾವುದು ಮೊದಲು ಹೊರಗೆ ಬರುತ್ತೆ, ಯಾವುದು ಕೊನೆಗೆ ಬರುತ್ತೆ, ಯಾವುದು ಬರುವುದೇ ಇಲ್ಲ ಎಂದು ನೋಡಿ. ಕೋಳಿ ಕಾಯಿಲೆಯನ್ನು ಬಚ್ಚಿಡುತ್ತೆ, ಅದರಲ್ಲೂ ನಾಟಿ. ಗುಂಪಲ್ಲಿ ಮೆತ್ತಗಾಗಿದ್ದನ್ನು ಉಳಿದವು ಕುಟುಕುತ್ತವೆ ಎನ್ನುವ ಭಯ ಅದಕ್ಕೆ. ಹಾಗಾಗಿ ನಾಟಿ ತೂಕಡಿಸುತ್ತಿದೆ ಎಂದು ನಿಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಮೂರು ದಿನ ತಡವಾಗಿರುತ್ತೆ. ಗಿರಿರಾಜ ಹಾಗಲ್ಲ, ಸ್ವಲ್ಪ ಜ್ವರ ಬಂದರೂ ಊರಿಗೆಲ್ಲ ತಿಳಿಯುವ ಹಾಗೆ ಮೂಲೆಯಲ್ಲಿ ಉಬ್ಬಿಕೊಂಡು ಕೂರುತ್ತೆ. ಗಿರಿರಾಜಕ್ಕೆ ಕಾಯಿಲೆ ಜಾಸ್ತಿ ಎನಿಸುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ.

ಆಮೇಲೆ ಹಿಕ್ಕೆ. ಗೂಡಿನ ನೆಲಕ್ಕೆ ಹಳೆ ನ್ಯೂಸ್‌ಪೇಪರ್ ಹಾಸಿದರೆ ನೋಡುವುದು ಸುಲಭ. ಕಂದು ಬಣ್ಣ, ಮೇಲೆ ಬಿಳಿ ಟೋಪಿ ಇದ್ದರೆ ಸರಿ. ದಿನಕ್ಕೆ ಒಂದೆರಡು ಸಲ ಅಂಟಂಟಾಗಿ ಕಾಫಿ ಬಣ್ಣದಲ್ಲಿ ಹಾಕಿದರೆ ಹೆದರಬೇಡಿ, ಅದೂ ಸಹಜ. ರಕ್ತ ಕಂಡರೆ, ಅದೂ ಮೂರರಿಂದ ಆರು ವಾರದ ಮರಿಯಲ್ಲಿ, ಕಾಕ್ಸಿಡಿಯಾ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಕರುಳಿಗೆ ತರುವ ರೋಗ. ಅದೇ ವಯಸ್ಸಲ್ಲಿ ಬಿಳಿ ನೀರು ನೀರಾಗಿ ಹಾಕಿ, ಮರಿ ತನ್ನ ಹಿಂಭಾಗವನ್ನೇ ಕುಟುಕಿಕೊಳ್ಳುತ್ತಿದ್ದರೆ ಗುಂಬೋರೊ ಇರಬಹುದು. ಹಸಿರು ಹಿಕ್ಕೆ ಎಂದರೆ ಮೇವು ತಿನ್ನುತ್ತಿಲ್ಲ ಅಂತಲೂ ಇರಬಹುದು, ಕೊಕ್ಕರೆ ರೋಗವೂ ಇರಬಹುದು, ತಡ ಮಾಡಬೇಡಿ.

ರಾತ್ರಿಯದು ಯಾರೂ ಮಾಡದ ಕೆಲಸ. ಎಲ್ಲ ಮಲಗಿದ ಮೇಲೆ, ಮಳೆ ನಿಂತ ಹೊತ್ತು ನೋಡಿಕೊಂಡು, ಗೂಡಿನ ಪಕ್ಕ ಸುಮ್ಮನೆ ನಿಂತು ಕಿವಿ ಕೊಡಿ. ಆರೋಗ್ಯವಾಗಿರುವ ಕೋಳಿ ಮಲಗಿದರೆ ಸದ್ದೇ ಇರುವುದಿಲ್ಲ. ಗೊರ ಗೊರ ಎಂದು ಕಫ ಕಟ್ಟಿದ ಉಸಿರು, ಮಧ್ಯೆ ಮಧ್ಯೆ ಚಿಕ್ ಎಂಬ ಸೀನು ಕೇಳಿದರೆ ಉಸಿರಾಟದ ತೊಂದರೆ ಶುರುವಾಗಿದೆ. ಹಗಲು ಕೋಳಿಗಳ ಗಲಾಟೆಯಲ್ಲಿ ಇದು ಕೇಳುವುದಿಲ್ಲ. ನಾನು ಟಾರ್ಚ್ ಹಾಕಿ ಯಾವ ಕೋಳಿಯಿಂದ ಸದ್ದು ಬರುತ್ತಿದೆ ಎಂದು ನೋಡಿ, ಕಾಲಿನ ಉಂಗುರದ ನಂಬರ್ ಬರೆದುಕೊಳ್ಳುತ್ತೇನೆ. ಪುಷ್ಯ ಮಳೆಯಲ್ಲಿ ಒಂದು ವಾರ ಹೀಗೆ ಕಿವಿ ಕೊಟ್ಟಾಗ ಗೊರಗುಟ್ಟಿದ ಐದರಲ್ಲಿ ನಾಲ್ಕು ಗಿರಿರಾಜ ಇದ್ದವು. ಆದರೆ ಗಿರಿರಾಜಗಳು ಮೇಲೆ ಹಾರಲಾಗದೆ ಕೆಳಗೆ ಒದ್ದೆ ಹೊಟ್ಟಿನ ಮೇಲೆ ಮಲಗುತ್ತಿದ್ದವು, ನಾಟಿ ಮೇಲಿನ ಗಳದ ಮೇಲೆ. ಹಿಕ್ಕೆಯಿಂದ ಏಳುವ ಕಣ್ಣುರಿಯುವ ವಾಸನೆ ಇದೆಯಲ್ಲ, ಅಮೋನಿಯ, ಅದು ನೆಲದ ಹತ್ತಿರವೇ ಜಾಸ್ತಿ. ಒಂದೂವರೆ ಅಡಿ ಎತ್ತರಕ್ಕೆ ಇನ್ನೊಂದು ಗಳ ಕಟ್ಟಿ, ಹೊಟ್ಟು ಬದಲಾಯಿಸಿದ ಮೇಲೆ ಗೊರಗೊರ ಅರ್ಧಕ್ಕರ್ಧ ಕಡಿಮೆಯಾಯಿತು. ತಳಿ ಬದಲಾಗಿರಲಿಲ್ಲ, ಮಲಗುವ ಜಾಗ ಬದಲಾಗಿತ್ತು ಅಷ್ಟೇ.

ವಾರಕ್ಕೊಮ್ಮೆ ಕೈಗೆತ್ತಿಕೊಳ್ಳಿ

ತೂಕವನ್ನು ಒಂದಕ್ಕೊಂದು ಹೋಲಿಸಬೇಡಿ. ಗಿರಿರಾಜ ಭಾರ ಇರುವುದು ಅದರ ಹುಟ್ಟುಗುಣ, ಆರೋಗ್ಯ ಅಲ್ಲ. ಪ್ರತಿ ಕೋಳಿಯ ಈ ವಾರದ ತೂಕವನ್ನು ಅದರದ್ದೇ ಹೋದ ವಾರದ ತೂಕದ ಜೊತೆ ನೋಡಿ. ಬೆಳೆಯುವ ವಯಸ್ಸಲ್ಲಿ ಒಂದು ವಾರ ನಿಂತುಹೋದರೆ ಏನೋ ಆಗಿದೆ.

ಎದೆಮೂಳೆ ಮುಟ್ಟಿ ನೋಡುವುದು ತಕ್ಕಡಿಗಿಂತ ಒಳ್ಳೆಯದು. ಮೂಳೆಯ ಎರಡೂ ಪಕ್ಕ ಮಾಂಸ ತುಂಬಿ ದುಂಡಗೆ ಸಿಕ್ಕರೆ ಸರಿ, ಕುಡುಗೋಲಿನ ಬಾಯಿಯ ಹಾಗೆ ಚೂಪಾಗಿ ಸಿಕ್ಕರೆ ಒಳಗೆ ಹುಳವೋ ರೋಗವೋ ಇದೆ. ಕತ್ತಿನ ಬುಡದ ಕಾಳು ಚೀಲ ಸಂಜೆ ತುಂಬಿರಬೇಕು, ಬೆಳಿಗ್ಗೆ ಖಾಲಿ ಇರಬೇಕು, ಬೆಳಿಗ್ಗೆಯೂ ಹಿಟ್ಟಿನ ಹಾಗೆ ಊದಿಕೊಂಡಿದ್ದರೆ ಜೀರ್ಣ ಆಗಿಲ್ಲ. ಪುಕ್ಕ ಸರಿಸಿ ಗುದದ ಸುತ್ತ, ರೆಕ್ಕೆಯ ಕೆಳಗೆ ಹೇನು ನೋಡಿ. ಜುಟ್ಟು ಪೇಲವ ಆಗಿದೆಯಾ, ಕಣ್ಣಲ್ಲಿ ನೊರೆ ಇದೆಯಾ. ಗಿರಿರಾಜದ ಅಂಗಾಲನ್ನು ಮರೆಯದೆ ತಿರುಗಿಸಿ ನೋಡಿ. ಮೂರು ನಾಲ್ಕು ಕೆಜಿಯ ಕೋಳಿ ಜಗುಲಿಯಿಂದ ಕಲ್ಲಿನ ಮೇಲೆ ಧುಮುಕಿದರೆ ಪಾದದಲ್ಲಿ ಗಾಯವಾಗಿ ಕಪ್ಪು ಮುಚ್ಚಳದ ಹಾಗೆ ಬಾವು ಕಟ್ಟುತ್ತೆ. ಒಂದೂವರೆ ಕೆಜಿಯ ನಾಟಿಯಲ್ಲಿ ನಾನು ಇದನ್ನು ಒಂದೇ ಒಂದು ಸಲವೂ ನೋಡಿಲ್ಲ.

ಜಂತುಹುಳದ ವಿಷಯದಲ್ಲಿ ಊಹೆ ಬೇಡವೇ ಬೇಡ. ಎರಡೂ ಗುಂಪಿನ ತಾಜಾ ಹಿಕ್ಕೆಯನ್ನು ಬೇರೆ ಬೇರೆ ಪೊಟ್ಟಣ ಮಾಡಿ, ಮೇಲೆ ನಾಟಿ, ಗಿರಿರಾಜ ಎಂದು ಬರೆದು ಪಶು ಆಸ್ಪತ್ರೆಗೆ ಕೊಡಿ. ಸೂಕ್ಷ್ಮದರ್ಶಕದಲ್ಲಿ ಹುಳದ ಮೊಟ್ಟೆ, ಕಾಕ್ಸಿಡಿಯಾ ಎರಡೂ ಕಾಣುತ್ತವೆ. ನಾಟಿ ದಿನವಿಡೀ ತಿಪ್ಪೆ ಕೆದಕಿ ಎರೆಹುಳ ತಿನ್ನುವುದರಿಂದ ಹುಳದ ಹೊರೆ ಅದಕ್ಕೂ ಕಡಿಮೆ ಏನಿಲ್ಲ, ಹೊತ್ತುಕೊಂಡೇ ಓಡಾಡುತ್ತಿರುತ್ತೆ.

ಸತ್ತರೆ ಹೂಳುವ ಮುಂಚೆ

ಕಾರಣ ಗೊತ್ತಿಲ್ಲದ ಸಾವು ನಿಮ್ಮ ಲೆಕ್ಕವನ್ನೇ ಕೆಡಿಸುತ್ತೆ. ಒಂದೆರಡು ಸತ್ತರೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಐಸ್ ಇಟ್ಟು, ಅವತ್ತೇ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದು ಕೊಯ್ದು ನೋಡಲು ಕೇಳಿ, ಹಾಸನದ ಸುತ್ತಮುತ್ತ ಇರುವವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜೂ ಇದೆ. ಫ್ರೀಜರಲ್ಲಿ ಗಟ್ಟಿ ಮಾಡಬೇಡಿ. ಒಮ್ಮೆಲೇ ಹತ್ತಾರು ಸತ್ತರೆ ಮಾತ್ರ ಕೋಳಿಯನ್ನು ಒಯ್ಯಬೇಡಿ, ಡಾಕ್ಟರಿಗೆ ಫೋನ್ ಮಾಡಿ ಕರೆಯಿರಿ, ಬರಿಗೈಯಲ್ಲಿ ಮುಟ್ಟಬೇಡಿ, ಉಳಿದದ್ದನ್ನು ಬೇಗ ಬೇಗ ಸಾರು ಮಾಡಿ ಮುಗಿಸುವ ಬುದ್ಧಿ ಬೇಡ. 2020ರ ಮಾರ್ಚ್‌ನಲ್ಲಿ ಹಕ್ಕಿ ಜ್ವರ ಮೈಸೂರಿನ ತನಕ ಬಂದಿತ್ತು, ನಮಗೇನು ದೂರ ಅಲ್ಲ.

ತೋಟದ ಊರಿನಲ್ಲಿ ಇನ್ನೊಂದು ಸಾವು ಇದೆ. ಶುಂಠಿ ಪಟ್ಟೆಗೆ, ಬಾಳೆ ಬುಡಕ್ಕೆ ಹುಳ ಕೊಲ್ಲುವ ಹರಳು ಔಷಧಿ ಹಾಕಿರುತ್ತಾರೆ. ಕೋಳಿಗೆ ಅದು ಹರಳು ಕಲ್ಲಿನ ಹಾಗೆ ಕಾಣುತ್ತೆ. ಬಾಯಲ್ಲಿ ಜೊಲ್ಲು, ಕಾಲು ನಡುಕ, ಸ್ವಲ್ಪ ಹೊತ್ತಿನಲ್ಲೇ ಸಾವು. ಇಲ್ಲಿ ದೂರ ಅಡ್ಡಾಡುವ ನಾಟಿಯೇ ಮೊದಲು ಸಾಯುವುದು. ಇದನ್ನು ರೋಗದ ಲೆಕ್ಕಕ್ಕೆ ಸೇರಿಸಬೇಡಿ.

ನಮ್ಮ ಪುಸ್ತಕ ಏನು ಹೇಳಿತು

ಒಂದೇ ತಾಯಿಯ ಕೆಳಗೆ ಬೆಳೆಸಿ, ಒಂದೇ ಲಸಿಕೆ ಹಾಕಿದ ಮೇಲೆ ಮೊದಲ ಎಂಟು ವಾರದಲ್ಲಿ ರೋಗದಿಂದ ಸತ್ತಿದ್ದು ಎರಡರಲ್ಲೂ ಹೆಚ್ಚುಕಡಿಮೆ ಸಮ. ವ್ಯತ್ಯಾಸ ಕಂಡಿದ್ದು ಆಮೇಲೆ. ಮೊಟ್ಟೆ ಶುರುವಾದ ಮೇಲೆ ಗಿರಿರಾಜ ಹ್ಯಾಟೆಗೆ ಮೇವಿನಲ್ಲಿ ಸ್ವಲ್ಪ ಕಡಿಮೆಯಾದರೂ ತಡೆಯುವುದಿಲ್ಲ. ತೋಲು ಮೊಟ್ಟೆ, ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದು, ಕಾಲು ಸೋಲುವುದು. ವರ್ಷಕ್ಕೆ ನೂರ ಮೂವತ್ತು ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣ ಎಲ್ಲಿಂದ ಬರಬೇಕು ಹೇಳಿ, ಬರೀ ರಾಗಿ, ನುಚ್ಚು, ತೌಡು ಹಾಕಿದರೆ? ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟೆವು, ಬೇಕಾದ್ದು ತಿನ್ನುತ್ತೆ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಒಣಗಿಸಿ ಹಾಕುವ ಅಭ್ಯಾಸ ಬಿಟ್ಟೆವು, ಬೂಷ್ಟಿನ ವಿಷ ಒಣಗಿಸಿದರೆ ಹೋಗುವುದಿಲ್ಲ, ನೇರ ಲಿವರಿಗೆ ಹೊಡೆಯುತ್ತೆ. ಅಷ್ಟಾದ ಮೇಲೆ ಗಿರಿರಾಜವೂ ಸುಮಾರಾಗಿಯೇ ಇದೆ. ಮೇವು ಹಾಕಲಾಗದ, ಬೆಳಿಗ್ಗೆ ಬಿಟ್ಟು ಸಂಜೆ ಮುಚ್ಚುವ ಮನೆಗೆ ಅದು ಬೇಡ. ಅಲ್ಲಿ ನಾಟಿ, ಇಲ್ಲವೇ ಮನೆ ಬೆರಕೆಯೇ ಸರಿ. ಬೆರಕೆಯ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ.

ನಮ್ಮ ಪುಸ್ತಕವನ್ನು ನಿಮ್ಮ ಮನೆಗೆ ಹಾಗೇ ಅನ್ವಯಿಸಬೇಡಿ. ಅರಸೀಕೆರೆ, ಕಡೂರು ಕಡೆಯ ಒಣ ನೆಲದಲ್ಲಿ ಕಾಕ್ಸಿಡಿಯಾ, ನೆಗಡಿ ನಮ್ಮಷ್ಟು ಕಾಡುವುದಿಲ್ಲ, ಬದಲಿಗೆ ಏಪ್ರಿಲ್ ಬಿಸಿಲಿಗೆ ಭಾರದ ಕೋಳಿ ಏದುಸಿರು ಬಿಡುತ್ತೆ. ಮೂಡಿಗೆರೆ, ಸಕಲೇಶಪುರದಲ್ಲಿ ಉಲ್ಟಾ. ಒಂದೇ ಜಿಲ್ಲೆಯಲ್ಲೇ ಉತ್ತರ ಬೇರೆ ಬರಬಹುದು.

ಒಂದೇ ತಂಡ ನೋಡಿ ತೀರ್ಮಾನವನ್ನೂ ಮಾಡಬೇಡಿ. ಹನ್ನೆರಡರಲ್ಲಿ ಒಂಬತ್ತು ನಾಟಿ ಉಳಿದು ಏಳು ಗಿರಿರಾಜ ಉಳಿದರೆ ನಾಟಿ ಗೆದ್ದಿತು ಅಂತಲ್ಲ. ನಾಣ್ಯವನ್ನು ಹನ್ನೆರಡು ಸಲ ಚಿಮ್ಮಿದರೆ ಪ್ರತಿ ಸಲ ಆರು ಆರೇ ಬೀಳುತ್ತಾ? ಮಳೆಗಾಲಕ್ಕೊಂದು, ಬೇಸಿಗೆಗೊಂದು ತಂಡ ಮಾಡಿ, ಎರಡರಲ್ಲೂ ಒಂದೇ ಕಡೆ ತೂಗಿದರೆ ಆಗ ನಂಬಿ.

ಮುಂದಿನ ಮರಿ ಮಾಡುವಾಗ

ಗಿರಿರಾಜದ ಮೊಟ್ಟೆಯಿಂದಲೇ ಮನೆಯಲ್ಲಿ ಮರಿ ಮಾಡಿಸಿ, ತಳಿ ಕೆಟ್ಟಿತು ಎನ್ನುವವರು ಇದ್ದಾರೆ. ಕೆಟ್ಟಿದ್ದಲ್ಲ, ಅದು ಆಗುವುದೇ ಹಾಗೆ. ಬೇರೆ ಬೇರೆ ರಕ್ತದ ಕೋಳಿ ಕೂಡಿಸಿದಾಗ ಮೊದಲ ಪೀಳಿಗೆಗೆ ಒಂದು ಹೆಚ್ಚಿನ ಕಸುವು ಬರುತ್ತೆ, ಅದರಲ್ಲೂ ಮೊಟ್ಟೆ ಒಡೆಯುವುದು, ಮರಿ ಬದುಕುವುದು ಇಂಥದ್ದರಲ್ಲಿ. ಆ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಆ ಹೆಚ್ಚಿನ ಕಸುವಿನಲ್ಲಿ ಅರ್ಧ ಹೋಗುತ್ತೆ, ಒಂದು ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ ಹುಟ್ಟುತ್ತೆ. ಗಿರಿರಾಜ ಬೇಕಾದರೆ ಮರಿಯನ್ನು ಹೊಸದಾಗಿಯೇ ತರಬೇಕು. ಮನೆ ಬೆರಕೆಗೂ ಇದೇ ಲೆಕ್ಕ.

ನಾಟಿಯ ಕಷ್ಟ ಇದರ ಉಲ್ಟಾ. ಒಂದು ಒಳ್ಳೆ ಹುಂಜ ಇದೆ ಎಂದು ನಾಲ್ಕು ವರ್ಷ ಅದನ್ನೇ ಇಟ್ಟುಕೊಳ್ಳುತ್ತೇವೆ, ಅದು ತನ್ನ ಮಗಳು, ಮೊಮ್ಮಗಳ ಜೊತೆಯೇ ಕೂಡುತ್ತೆ. ಹನ್ನೆರಡು ಮೊಟ್ಟೆಗೆ ಆರು ಮರಿ, ಅದರಲ್ಲೂ ಒಂದೆರಡು ಸೊಟ್ಟ ಕಾಲು, ಅಂಟಿಕೊಂಡ ಕಣ್ಣು ಶುರುವಾದರೆ ಅಲ್ಲಿಗೆ ಬಂದಿದ್ದೀರಿ ಎಂದು ತಿಳಿಯಿರಿ. ವರ್ಷ, ಒಂದೂವರೆ ವರ್ಷಕ್ಕೆ ಹುಂಜ ಬದಲಾಯಿಸಿ. ದುಡ್ಡು ಬೇಕಿಲ್ಲ, ಬೇರೆ ಊರಿನ ನೆಂಟರ ಮನೆಗೆ ನಿಮ್ಮ ಹುಂಜ ಕೊಟ್ಟು ಅವರದ್ದು ತನ್ನಿ. ನಾವು ಹೋದ ಸಲ ಬೇಲೂರಿನ ಕಡೆಯಿಂದ ತಂದೆವು. ತಂದ ಹುಂಜವನ್ನು ಮೂರು ವಾರ ಕೊಟ್ಟಿಗೆಯ ಆಚೆ ಬೇರೆ ಮಂಕರಿಯ ಕೆಳಗೆ ಇಟ್ಟು, ಅದಕ್ಕೆ ಮೇವು ನೀರು ಕೊನೆಗೆ ಕೊಟ್ಟು, ಕೈಕಾಲು ತೊಳೆದುಕೊಂಡು ಒಳಗೆ ಬರಬೇಕು. ಮೊದಲ ವಾರ ಅತ್ತೆ ಬೈದರು, ಹುಂಜಕ್ಕೂ ಸೂತಕವಾ ಅಂತ.